ಐಸಣ್ಣನ ನಿಂಬೆಹಣ್ಣು

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಐಸಣ್ಣ ಎನ್ನುತ್ತಾರೆ. ಮದುವೆಗೂ ಮುಂಚಿನಿಂದ ಹಿಡಿದು ತಲೆ ಬೆಳ್ಳಗಾಗುವವರೆಗೆ ಐಸ್ ಫ್ಯಾಕ್ಟರಿಯಲ್ಲಿ ದುಡಿದವರು. ಉದ್ದನೆಯ ತಗಡಿನ ಡಬ್ಬಗಳಿಗೆ ನೀರು ತುಂಬಿ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುವುದು, ಗಟ್ಟಿಯಾದ ಮೇಲೆ ಎತ್ತಿ ಡಬ್ಬದಿಂದ ಬಿಡಿಸುವುದು, ಕೊಕ್ಕೆ ಹಾಕಿ ಎಳೆದು ಮರದ ಹೊಟ್ಟಿನಲ್ಲಿ ಹೂಳುವುದು, ಇಷ್ಟೇ ಕೆಲಸ. ಹೆಸರು ಕೊಟ್ಟ ಆ ಕೆಲಸ ಬೆರಳು ಕಿತ್ತುಕೊಂಡಿತು. ಲೆಕ್ಕಕ್ಕೆ ಹತ್ತೂ ಇವೆ, ಆದರೆ ತುದಿಗಳು ಸತ್ತುಹೋಗಿವೆ, ಕಾಲಿನದೂ ಅದೇ ಕಥೆ. ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾರೆ, ಮುಳ್ಳು ಚುಚ್ಚಿದರೆ ರಕ್ತ ನೋಡಿ ತಿಳಿದುಕೊಳ್ಳುತ್ತಾರೆ. ಹಣ್ಣು ಮೆತ್ತಗಾಗಿದೆಯೋ ಇಲ್ಲವೋ ನೋಡಬೇಕೆಂದರೆ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಹೊಸಬರು ನೋಡಿದರೆ ಮುದುಕ ಹಣ್ಣನ್ನು ಮುದ್ದಾಡುತ್ತಿದ್ದಾನೆ ಅಂದುಕೊಳ್ಳಬೇಕು.

ದೊಡ್ಡಮ್ಮನ ವಿಷಯವೇ ಬೇರೆ. ಅವಳ ನಾಲಗೆ ಎರಡು ಕೆಲಸಕ್ಕೂ ಹರಿತ, ರುಚಿ ನೋಡುವುದಕ್ಕೂ ಬೈಯುವುದಕ್ಕೂ. ಹಾಲು ಒಡೆಯುವುದು ಹಾಲಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ದೊಡ್ಡಪ್ಪ ಅಡಿಗೆಮನೆಗೆ ಕಾಲಿಟ್ಟರೆ ಸಾಕು, ಶುರು. ಉಪ್ಪು ಜಾಸ್ತಿ, ಉರಿ ಜಾಸ್ತಿ, ಸೌಟು ಹಿಡಿದದ್ದೇ ಸರಿಯಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಮಾಡಿದ್ದನ್ನು ಅವಳು ಚೆನ್ನಾಗಿದೆ ಅಂದದ್ದನ್ನು ನಾನಂತೂ ಕೇಳಿಲ್ಲ. ಬಹಳ ಖುಷಿಯಾದರೆ ‘ತಿನ್ನಬಹುದು’ ಅನ್ನುತ್ತಿದ್ದಳು. ಆ ದಿನವೆಲ್ಲ ದೊಡ್ಡಪ್ಪ ಮೀಸೆಯಲ್ಲೇ ನಗುತ್ತಾ ಓಡಾಡುತ್ತಿದ್ದರು.

ಐಸು ಕಂಡರಂತೂ ಅವಳಿಗೆ ಆಗದು. “ನೀವು ಮಾಡೋ ಐಸು ಇರೋದು ಮೀನಿಗೆ, ಇಲ್ಲ ಹೆಣಕ್ಕೆ. ಬದುಕಿರೋರ ಅಡಿಗೆಮನೇಲಿ ಅದಕ್ಕೇನು ಕೆಲಸ?” ಎನ್ನುತ್ತಿದ್ದಳು. ಫ್ರಿಜ್ ಬಂದ ಮೇಲೂ ಮೇಲಿನ ಫ್ರೀಜರ್ ಖಾಲಿಯೇ ಇತ್ತು. ಮಾಡಿದ್ದನ್ನು ಇವತ್ತೇ ತಿನ್ನಬೇಕು, ಉಳಿದರೆ ಕೊಡಬೇಕು, ಇಡಬಾರದು. ಇದು ಅವಳ ಕಾನೂನು. ಫ್ರೀಜರ್ ಬಗ್ಗೆ ದೊಡ್ಡಪ್ಪನದೂ ಒಂದು ಕಾನೂನಿತ್ತು. ನಾವು ಯಾರಾದರೂ ಬಾಗಿಲು ತೆರೆದು ಒಂದು ಗಳಿಗೆ ಹೆಚ್ಚು ನಿಂತರೆ ಎಲ್ಲಿದ್ದರೂ ಕೂಗುತ್ತಿದ್ದರು: “ಮುಚ್ಚು, ಮುಚ್ಚು! ಚಳಿ ಚೆಲ್ಲಿಹೋಗುತ್ತೆ!” ಚಳಿ ಹಾಲಿನ ಹಾಗೆ ಚೆಲ್ಲುವ ವಸ್ತು ಎಂಬುದು ಅವರ ನಂಬಿಕೆ. ಅದನ್ನು ಮಾಡುವ ಕಷ್ಟ ಕಂಡವರು ಅವರು, ಅನ್ನಲಿ ಬಿಡಿ.

ನಾನು ಅವರ ತಮ್ಮನ ಮಗಳು, ಅದೇ ಮನೆಯ ಮಹಡಿಯಲ್ಲಿದ್ದೇನೆ. ಔಷಧಿ ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಊರಿನವರ ಕಾಯಿಲೆಗೆ ಮಾತ್ರೆ ಎಣಿಸಿ ಕೊಡುವವಳು ಮನೆಯವಳ ಕಾಯಿಲೆಗೆ ಏನು ಮಾಡಿದೆ ಎಂದು ಕೇಳಬೇಡಿ, ನನಗೆ ಮೈ ಉರಿಯುತ್ತದೆ.

ದೊಡ್ಡಮ್ಮನಿಗೆ ಕಾಯಿಲೆ ಹೊಟ್ಟೆಯಲ್ಲಿ ಬಂತು, ಚಿಕಿತ್ಸೆ ರಕ್ತಕ್ಕೆ ಹೋಯಿತು, ಏಟು ಬಿದ್ದದ್ದು ಬಾಯಿಗೆ. ಎರಡನೇ ಸುತ್ತಿನ ಚಿಕಿತ್ಸೆ ಮುಗಿಸಿ ಬಂದವಳಿಗೆ ಏನಿಟ್ಟರೂ ಕಬ್ಬಿಣ. ಅನ್ನ ಕಬ್ಬಿಣ, ಹಾಲು ಕಬ್ಬಿಣ, ನೀರೂ ಕಬ್ಬಿಣ. “ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿದೆ ಕಣೆ” ಎಂದು ಚಮಚವನ್ನು ತಳ್ಳುತ್ತಿದ್ದಳು. ಡಾಕ್ಟರು ಒಳ್ಳೆಯವರೇ, ಮಾತು ಮಾತ್ರ ಚುಟುಕು. ಬಾಯಿಂದ ಹೊಟ್ಟೆಗೆ ಏನಾದರೂ ಹೋಗುತ್ತಿರುವವರೆಗೆ ಮನೆಯಲ್ಲಿರಲಿ, ಅದು ನಿಂತ ದಿನ ಕರೆದುಕೊಂಡು ಬನ್ನಿ, ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ದೊಡ್ಡಮ್ಮ ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: “ರೀ, ಆ ನಳಿಕೆ ಒಂದು ಬೇಡ. ಮನೇಲೇ ಇಟ್ಕೊಳ್ಳಿ ನನ್ನ.” ದೊಡ್ಡಪ್ಪ “ಹೂಂ” ಎಂದರು. ಹೂಂ ಎನ್ನುವುದು ಸುಲಭ, ಆಮೇಲೆ ಏನು ತಿನ್ನಿಸುವುದು?

ದಾರಿ ತೋರಿಸಿದ್ದು ಹಿತ್ತಿಲ ನಿಂಬೆ ಗಿಡ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ದೊಡ್ಡಮ್ಮನೇ ಎಂದೋ ಬೀಜ ಉಗಿದ ಜಾಗದಲ್ಲಿ ತಾನಾಗಿ ಎದ್ದದ್ದು. ವರ್ಷಕ್ಕೊಮ್ಮೆ ಮೈತುಂಬ ಬಿಟ್ಟು, ಉಳಿದ ತಿಂಗಳು ಮುಳ್ಳು ತೋರಿಸಿಕೊಂಡು ನಿಲ್ಲುತ್ತದೆ. ಒಂದು ಬೆಳಿಗ್ಗೆ ಅವಳು ಬಿಸಿಲಿಗೆಂದು ಕಲ್ಲಿನ ಮೇಲೆ ಕೂತಿದ್ದಳು. ಕಾಲ ಬಳಿ ಬಿದ್ದಿದ್ದ ಹಣ್ಣೆತ್ತಿ ಉಗುರಿನಿಂದ ಸಿಪ್ಪೆ ಗೀರಿ ಮೂಸಿದಳು. ಆಮೇಲೆ ಹಾಗೇ ಕಚ್ಚಿದಳು. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ದೊಡ್ಡಪ್ಪ ಓಡಿಹೋದರು.

“ಗೊತ್ತಾಗ್ತಿದೆ ರೀ” ಎಂದಳು. “ಇದು ಗೊತ್ತಾಗ್ತಿದೆ!”

ಒಂದು ಹೋಳು ಚೀಪಿದ ಮೇಲೆ ಸ್ವಲ್ಪ ಹೊತ್ತು ಅವಳ ಬಾಯಿ ಅವಳದಾಗಿರುತ್ತಿತ್ತು. ಆ ಹೊತ್ತಿನಲ್ಲಿ ಗಂಜಿ ಇಳಿಯುತ್ತಿತ್ತು, ಬಟ್ಟಲಿನ ಅರ್ಧದವರೆಗೆ, ಕೆಲವೊಮ್ಮೆ ಪೂರ್ತಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನಮಗೆ ಒಂದು ಸಲಕ್ಕೆ ಎರಡೂ ಸಿಕ್ಕಿದ್ದವು. ಗಿಡದಲ್ಲಿ ಎಲೆಗಿಂತ ಹಣ್ಣು ಹೆಚ್ಚಾಗಿದ್ದ ಕಾಲ ಅದು. ಆದರೆ ಹಣ್ಣಿನ ಕಾಲ ಮುಗಿಯುತ್ತದೆ, ಚಿಕಿತ್ಸೆ ಮುಂದಿನ ವರ್ಷದವರೆಗೂ ಇದೆ. ನಾನು ಬುದ್ಧಿವಂತಳ ಹಾಗೆ ಮಾರುಕಟ್ಟೆಯಿಂದ ಹೊಳೆಯುವ ನಿಂಬೆಹಣ್ಣು ತಂದು, ಹೆಚ್ಚಿ, ಏನೂ ಹೇಳದೆ ಅವಳ ಬಾಯಿಗಿಟ್ಟೆ. ನನ್ನ ಅಂಗೈಗೇ ಉಗಿದಳು.

“ಇದು ಅಂಗಡೀದು. ಬರೀ ಹುಳಿ, ವಾಸನೆಯೇ ಇಲ್ಲ. ಯಾರಿಗೆ ಮೋಸ ಮಾಡ್ತೀಯೇ?”

ನನಗೆ ಕೋಪ ಬರಬೇಕಿತ್ತು, ಬಂದದ್ದು ಸಂತೋಷ. ನಾಲಗೆ ಇನ್ನೂ ಇದೆ ಎಂದುಕೊಂಡೆ.

ಅವತ್ತೇ ದೊಡ್ಡಪ್ಪ ಫ್ರೀಜರಿನ ಬಾಗಿಲು ತೆಗೆದು ಒಳಗೆ ಕೈಯಾಡಿಸಿ ನೋಡಿದರು. ಐಸು ಅವರ ಕಸುಬು, ಇನ್ನು ಕೇಳಬೇಕೆ! ಗಿಡದ ಅರ್ಧ ಹಣ್ಣು ಕೊಯ್ದು, ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದ ಹಾಗೆಯೇ ಮನೆಯ ಸಣ್ಣ ತಗಡಿನ ಡಬ್ಬಗಳಲ್ಲಿ ಹಣ್ಣು ತುಂಬಿ, ಮೇಲೆ ನೀರು ಸುರಿದು ಫ್ರೀಜರಿಗೆ ತುರುಕಿದರು. ಐಸು ಅಂದರೆ ದಿಮ್ಮಿ ಎಂದೇ ಅವರ ತಲೆಯಲ್ಲಿದ್ದದ್ದು. ದಿಮ್ಮಿ ಚೆನ್ನಾಗಿಯೇ ಕಟ್ಟಿತು. ಹಣ್ಣು ತೆಗೆಯುವುದು ಹೇಗೆ? ಅಟ್ಟದಿಂದ ಐಸ್ ಒಡೆಯುವ ಹಳೆಯ ಚಾಣ ಇಳಿಸಿ, ಅಡಿಗೆಮನೆಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕುಟ್ಟಿದರು. ಐಸು ಒಲೆಯ ಕೆಳಗೆ, ನಿಂಬೆ ಬಾಗಿಲಾಚೆ, ದೊಡ್ಡಪ್ಪ ಒದ್ದೆ ನೆಲದಲ್ಲಿ ಅಂಗಾತ. ಮಂಚದ ಮೇಲಿಂದ ದೊಡ್ಡಮ್ಮ ಕೇಳಿದಳು: “ಏನ್ರೀ ಅದು, ಮನೆ ಕೆಡವ್ತಿದೀರಾ? ನಿಂಬೆಹಣ್ಣಿಗೂ ಹೆಣದ ಮರ್ಯಾದೆ ಮಾಡಿದ್ರಾ?” ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು.

ಎರಡನೇ ಸಲ ರಸ ತೆಗೆದು ಇಟ್ಟರು. ಸತ್ತ ಬೆರಳಿಗೆ ಹಿಡಿತದ ಅಂದಾಜಿಲ್ಲ. ಬೀಜ ಸಿಪ್ಪೆಯೆಲ್ಲ ನುಜ್ಜಾಗುವಷ್ಟು ಹಿಂಡಿದ್ದರು. ಅದು ಕಹಿಯಾಯಿತು. “ಗಿಡ ನಂದು, ಕಹಿ ನಿಮ್ದು” ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಆಮೇಲೆ ಅವಳೇ ಮಲಗಿದಲ್ಲಿಂದ ಕಲಿಸಿದಳು. ಹಣ್ಣು ತೊಳೆದು ಚೆನ್ನಾಗಿ ಒರೆಸಿ. ಅಂಗೈ ಕೆಳಗೆ ಹೊರಳಿಸಿ. ಅಡ್ಡಕ್ಕೆ ಕುಯ್ಯಿರಿ, ಬೀಜ ಚಾಕುವಿನ ತುದಿಯಲ್ಲಿ ಎಬ್ಬಿಸಿ. ಮೆಲ್ಲಗೆ ಹಿಂಡಿ, ಕೊನೆಯ ಹನಿ ಬಿಟ್ಟುಬಿಡಿ, ಕಹಿ ಇರೋದು ಅದರಲ್ಲೇ. ಬಟ್ಟೆಯಲ್ಲಿ ಸೋಸಿ, ಚೂರು ನೀರು, ಚಿಟಿಕೆ ಸಕ್ಕರೆ. ದೊಡ್ಡಪ್ಪ ಅದನ್ನು ಐಸ್ ಟ್ರೇಯ ಗುಳಿಗಳಿಗೆ ಹುಯ್ದು, ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಬಿಡಿಸಿ ಡಬ್ಬಿಗೆ ಹಾಕಿ, ಟ್ರೇಗೆ ಮತ್ತೆ ಹುಯ್ಯುತ್ತಿದ್ದರು. ಒಂದಷ್ಟು ಹಣ್ಣನ್ನು ಇಡಿಯಾಗಿಯೇ ಇಟ್ಟರು. ಕಲ್ಲಿನಂತಾದ ಹಣ್ಣಿನ ಸಿಪ್ಪೆಯನ್ನು ಬಿಲ್ಲೆಯ ಮೇಲೆ ಚೂರೇ ತುರಿದರೆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ಅವರ ಬೆರಳ ತುಂಬ ಬಿರುಕು, ಬಿರುಕಿಗೆಲ್ಲ ಹುಳಿ ಇಳಿಯುತ್ತಿತ್ತು. ಉರಿಯಲ್ವಾ ದೊಡ್ಡಪ್ಪ ಎಂದರೆ, “ಉರಿದ್ರೆ ಒಳ್ಳೇದೇ ಆಗಿತ್ತಲ್ಲೇ” ಎಂದರು.

ಹೀಗೆ ಗಿಡ ಖಾಲಿಯಾಯಿತು, ಫ್ರೀಜರ್ ತುಂಬಿತು. ದಿನ ಹೋಗುತ್ತಿತ್ತು. ಬಿಲ್ಲೆ ಚೀಪುವುದು, ಮುಖ ಕಿವುಚುವುದು, ಬೈಯುವುದು, ಗಂಜಿ ಕುಡಿಯುವುದು. ಇವತ್ತು ನೀರು ಜಾಸ್ತಿ. ಇವತ್ತು ಸೋಸಿಲ್ಲ. ದೊಡ್ಡಪ್ಪ ಬೈಗುಳ ಕೇಳಿಸಿಕೊಂಡು ಬಟ್ಟಲು ತೊಳೆಯಲು ಬರುವಾಗ ನೋಡಬೇಕು, ಬಹುಮಾನ ಸಿಕ್ಕವರ ಮುಖ. ನನ್ನ ಹತ್ತಿರ ಪಿಸುಗುಟ್ಟುತ್ತಿದ್ದರು: “ಬೈದ್ಲು. ಚೆನ್ನಾಗಿ ಬೈದ್ಲು.”

ಗಿಡದಲ್ಲಿ ಮತ್ತೆ ಹೂವು ಕಂಡು, ಹೂವು ಉದುರಿ, ಬಟಾಣಿ ಗಾತ್ರದ ಕಾಯಿ ನಿಂತಿದ್ದ ದಿನಗಳಲ್ಲಿ ಗಾಳಿ ಎದ್ದಿತು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದು ಸಿಡಿಯಿತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ವಿದ್ಯುತ್ ಕಚೇರಿಯವರು ಬೇರೆ ಟ್ರಾನ್ಸ್‌ಫಾರ್ಮರ್ ಬರಬೇಕು ಅಂದರು, ಯಾವಾಗ ಬರುತ್ತೆ ಎಂದರೆ ಬಂದಾಗ ಬರುತ್ತೆ ಅಂದರು. ಬಯ್ಯುವಷ್ಟು ಬಯ್ದು ಫೋನ್ ಇಟ್ಟೆ. ಅದರಿಂದ ಬಲ್ಬು ಹತ್ತಲಿಲ್ಲ.

ದೊಡ್ಡಪ್ಪ ಫ್ರಿಜ್ಜಿಗೆ ಕಂಬಳಿ ಹೊದಿಸಿದ್ದರು, ಸುತ್ತ ಗೋಣಿಚೀಲ ಕಟ್ಟಿದ್ದರು. ಯಾರೂ ಮುಟ್ಟಬಾರದು ಎಂದು ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮರುದಿನ ಬೆಳಿಗ್ಗೆ ಫ್ರಿಜ್ಜಿನ ಅಡಿಯಿಂದ ನೀರು ಹರಿದು ಅವರ ಕಾಲು ಮುಟ್ಟಿತು. ಅವರಿಗೆ ಗೊತ್ತಾಗಲಿಲ್ಲ, ನಾನೇ ಹೇಳಬೇಕಾಯಿತು.

ನಮ್ಮ ಅಂಗಡಿಯಲ್ಲಿ ಜನರೇಟರ್ ಇದೆ, ಲಸಿಕೆ ಇಡುವ ಫ್ರಿಜ್ ಇದೆ. ಓಡಿಹೋಗಿ ಮಾಲೀಕರನ್ನು ಕೇಳಿದೆ. “ಔಷಧಿ ಇಡೋ ಜಾಗದಲ್ಲಿ ತಿನ್ನೋದು ಇಡೋ ಹಾಗಿಲ್ಲಮ್ಮ, ನಿನಗೇ ಗೊತ್ತಲ್ಲ” ಎಂದರು. ಗೊತ್ತಿತ್ತು. ನಾನೇ ಆ ಬಾಗಿಲಿಗೆ ಹಾಗೆಂದು ಬರೆದು ಅಂಟಿಸಿದವಳು. ಇದೂ ಔಷಧಿಯೇ ಸ್ವಾಮಿ ಅನ್ನಬೇಕು ಅನ್ನಿಸಿತು. ಅಂದರೆ ಅಳು ಬರುತ್ತಿತ್ತು, ಹಾಗಾಗಿ ಅನ್ನಲಿಲ್ಲ.

ವಾಪಸ್ ಬರುವಷ್ಟರಲ್ಲಿ ದೊಡ್ಡಪ್ಪ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹಳೆಯ ಫ್ಯಾಕ್ಟರಿಗೆ ಹೊರಟುಹೋಗಿದ್ದರು. ಅದು ಈಗ ಐಸ್ ಫ್ಯಾಕ್ಟರಿಯಲ್ಲ. ದಿಮ್ಮಿ ಕೊಳ್ಳುವವರಿಲ್ಲದೆ ತೊಟ್ಟಿ ಒಡೆದು, ಮೀನು ಇಡುವ ಕೋಲ್ಡ್ ಸ್ಟೋರೇಜ್ ಮಾಡಿದ್ದಾರೆ. ಹಳೆಯ ಜೊತೆಗಾರರಲ್ಲಿ ಒಬ್ಬರೇ ಉಳಿದಿದ್ದರು, ಎಲ್ಲರೂ ಮೀಸೆ ಎಂದು ಕರೆಯುವವರು. ಮೀಸೆ ಪಾಪ, ಒಂದು ಮಾತೂ ಕೇಳದೆ ಚೀಲ ತೆಗೆದುಕೊಂಡರು. ಡಬ್ಬಿಗಳೆಲ್ಲ ಸೋರುತ್ತಿದ್ದವು, ಒಳಗೆ ಬಿಲ್ಲೆಗಳು ಕರಗಿ ನೀರಾಗುತ್ತಿದ್ದವು. ಇರುವುದರಲ್ಲಿ ಒಳ್ಳೆಯ ತಗಡಿನ ಡಬ್ಬ ಹುಡುಕಿ, ಸೋಪು ಹಾಕಿ ತೊಳೆದು, ಮತ್ತೆ ತೊಳೆದು, ರಸವನ್ನೆಲ್ಲ ಅದಕ್ಕೆ ಸುರಿದು, ಮೀನಿನ ಕೋಣೆಯ ಮೂಲೆಯಲ್ಲಿ ಇಟ್ಟರು. ಸ್ನೇಹಿತನಿಗಾಗಿ ಮಾಡಬಹುದಾದದ್ದನ್ನೆಲ್ಲ ಮಾಡಿದರು.

ಮಾರನೆಯ ದಿನ ಕರೆಂಟು ಬಂದ ಮೇಲೆ ದೊಡ್ಡಪ್ಪ ಡಬ್ಬ ತಂದರು. ರಸವೆಲ್ಲ ಸೇರಿ ಒಂದೇ ದಿಮ್ಮಿಯಾಗಿತ್ತು. ಮುಚ್ಚಳ ತೆಗೆದ ಕೂಡಲೇ ನಾನು ಮೂಗು ಮುಚ್ಚಿಕೊಂಡೆ. ನಿಂಬೆಯ ಹಿಂದೆ ಮೀನು, ಮೀನಿನ ಹಿಂದೆ ಇನ್ನೂ ಹಳೆಯ ಮೀನು.

“ದೊಡ್ಡಪ್ಪ, ಇದನ್ನ ಕೊಡೋಕಾಗಲ್ಲ. ಅವಳು ಬಾಯಿಗೇ ಇಡಲ್ಲ, ಡಬ್ಬ ಎಸೀತಾಳೆ.”

“ಎಸೀಲಿ” ಎಂದರು. “ಗಿಡದಲ್ಲಿ ನೋಡಿದ್ಯಲ್ಲ, ಕಾಯಿ ಗೋಲಿಯಷ್ಟೂ ಇಲ್ಲ. ನಿನ್ನೆಯಿಂದ ಅವಳ ಹೊಟ್ಟೆಗೆ ನೀರು ಬಿಟ್ಟು ಏನೂ ಹೋಗಿಲ್ಲ. ಬೈದು ಆಮೇಲಾದ್ರೂ ಒಂದು ತುತ್ತು...”

ಮತ್ತೆ ಅದೇ ಚಾಣ, ಅದೇ ಅಡಿಗೆಮನೆಯ ನೆಲ. ಈ ಸಲ ಯಾರೂ ನಗಲಿಲ್ಲ. ಮಧ್ಯದಿಂದ ಒಂದು ಚೂರು ಒಡೆದು, ತೊಳೆದು, ಬಟ್ಟಲಿಗೆ ಹಾಕಿಕೊಂಡು ಒಳಗೆ ಹೋದರು. ನಾನು ಗಂಜಿಯ ಬಟ್ಟಲು ಹಿಡಿದು ಹಿಂದೆ ಹೋದೆ. ದೊಡ್ಡಮ್ಮ ಗೋಡೆಗೆ ಒರಗಿದ್ದಳು, ದಿಂಬಿಗಿಂತ ಹಗುರವಾಗಿ. ಚೂರನ್ನು ಬಾಯಿಗಿಟ್ಟರು. ನಾನು ಕಾದೆ. ಉಗಿಯುತ್ತಾಳೆ, ಈಗ ಉಗಿಯುತ್ತಾಳೆ. ಅವಳ ಮುಖ ಕಿವುಚಲಿಲ್ಲ. ಕಣ್ಣು ಮುಚ್ಚಿ ನಿಧಾನವಾಗಿ ಚೀಪಿದಳು.

“ಚೆನ್ನಾಗಿದೆ ರೀ” ಎಂದಳು.

ದೊಡ್ಡಪ್ಪ ಬಟ್ಟಲನ್ನು ಮೂಗಿನ ಬಳಿ ಹಿಡಿದು ಮೂಸಿದರು. “ವಾಸನೆ ಏನಾದ್ರೂ ಬರ್ತಿದ್ಯಾ?” ಎಂದು ಕೇಳಿದರು.

“ಬರ್ತಿದೆಯಲ್ಲ, ನಿಂಬೆ ಸಿಪ್ಪೇದು.”

ಸಿಪ್ಪೆ ತುರಿದೇ ಇರಲಿಲ್ಲ. ಇಡಿ ಹಣ್ಣುಗಳೆಲ್ಲ ಕರಗಿ ಲೊಳೆಯಾಗಿ ಹಿತ್ತಿಲ ಗುಂಡಿಗೆ ಹೋಗಿದ್ದವು.

ಗಂಜಿ ಕುಡಿಸಿದೆವು. ಒಂದು ಚಮಚ, ಇನ್ನೊಂದು ಚಮಚ. ಜಾಣ ಮಗುವಿನ ಹಾಗೆ ಬಾಯಿ ತೆರೆದಳು. ಬಟ್ಟಲು ಇಡಲು ದೊಡ್ಡಪ್ಪ ಆಚೆ ತಿರುಗಿದರು. ಅಷ್ಟರಲ್ಲಿ ಅವಳು ಕತ್ತಿನ ಟವೆಲನ್ನು ಬಾಯಿಗೊತ್ತಿಕೊಂಡು ನುಂಗದೆ ಬಾಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅದರೊಳಗೆ ಬಿಟ್ಟಳು. ಟವೆಲ್ ಮಡಚಿ ನನ್ನ ಕೈಗೆ ಕೊಟ್ಟಳು. ಹೇಳಬೇಡ ಎನ್ನುವಂತೆ ತಲೆ ಆಡಿಸಿದಳು, ಗಂಡನ ಬೆನ್ನಿನ ಕಡೆ ಕಣ್ಣು ಹಾಯಿಸಿ. ನಾನು ಟವೆಲನ್ನು ಹಿಂದೆ ಮುಚ್ಚಿಟ್ಟುಕೊಂಡೆ. ಬಿಸಿಯಾಗಿತ್ತು. ಅಂಥ ನಾಲಗೆಯವಳು, ಯಾರ ಮುಲಾಜಿಗೂ ಒಂದು ಸುಳ್ಳು ಹೇಳದವಳು ಗಂಡನಿಗಾಗಿ ಸುಳ್ಳು ಕಲಿಯುತ್ತಿದ್ದಳು. ನನಗೆ ಯಾರ ಮೇಲಾದರೂ ಕಿರುಚಬೇಕು ಅನ್ನಿಸಿತು. ಯಾರ ಮೇಲೆ?

ಸಂಜೆ ದೊಡ್ಡಪ್ಪ ಮತ್ತೆ ಬಟ್ಟಲು ಹಿಡಿದು ಒಳಗೆ ಹೋದದ್ದನ್ನು ಕಂಡೆ. ನಾನು ಹಿತ್ತಿಲ ಕಲ್ಲಿನ ಮೇಲೆ ಟವೆಲ್ ಒಗೆಯುತ್ತಿದ್ದೆ. ಒಳಗೆ ಬಂದಾಗ ಅವರು ಅಡಿಗೆಮನೆಯಲ್ಲಿದ್ದರು. ಫ್ರೀಜರಿನ ಬಾಗಿಲು ಪೂರ್ತಿ ತೆರೆದಿತ್ತು. ಮುಂದೆ ನಿಂತಿದ್ದರು.

“ಏನು ಬೇಕು ದೊಡ್ಡಪ್ಪ?”

“ಬರೀ ನೀರಿನ ಐಸು ಕೊಟ್ಟೆ ಕಣೆ” ಎಂದರು. “ಟ್ರೇಯಲ್ಲಿ ಇವತ್ತು ಇಟ್ಟಿದ್ನಲ್ಲ, ಬರೀ ನೀರು. ನೋಡೋಣ ಅಂತ.”

“ಏನಂದ್ಲು?”

“ಹುಳಿ ಹದವಾಗಿದೆ ಅಂದ್ಲು.”

ಒದ್ದೆ ಟವೆಲ್ ನನ್ನ ಕೈಯಲ್ಲೇ ಇತ್ತು. ಅದರ ಸುದ್ದಿ ನಾನು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ ಅನ್ನಿಸುತ್ತದೆ, ಅವರು ಟವೆಲನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

“ನಂಗೂ ಮೊದಮೊದಲು ಬರುತ್ತೆ ಅಂತಿದ್ರು ಎಲ್ಲ. ಬೆಚ್ಚಗೆ ಇಟ್ಕೋ, ಎಣ್ಣೆ ತಿಕ್ಕು, ಬರುತ್ತೆ ಅಂತ” ಎಂದರು. “ಹೋಗಿದ್ದು ಬರಲ್ಲ ಮಗೂ. ಇನ್ನೇನು ಮಾಡ್ಲಿ ನಾನು?”

ಒಳಗಿನ ಕೋಣೆಯಿಂದ ದೊಡ್ಡಮ್ಮನ ಕೆಮ್ಮು ಕೇಳಿತು. ನಾಳೆ ಡಾಕ್ಟರಿಗೆ ಹೇಳಲೇಬೇಕು, ಹೇಳಿದರೆ ಅವರು ಏನೆನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಫ್ರೀಜರಿನಿಂದ ಬಿಳಿ ಹೊಗೆ ಇಳಿದು ದೊಡ್ಡಪ್ಪನ ಕಾಲ ಮೇಲೆ ಹರಿದು ನೆಲಕ್ಕೆ ಹೋಗುತ್ತಿತ್ತು. ಅವರು ಬಾಗಿಲು ಮುಚ್ಚಲಿಲ್ಲ. ನಾನೂ ಮುಚ್ಚಲಿಲ್ಲ.